ನಾಲಿಗೆ ತೋರಿಸಿ

“ಮುಖ ಕಾಣುತ್ತಿಲ್ಲ. ಬೆಳಕಿಗೆ ಬನ್ನಿ,” ಎಂದಿತು ಫೋನು.

ಬ್ಯೂಟಿ ಪಾರ್ಲರಿನ ಹಿಂದಿನ ಸಾಮಾನು ಕೋಣೆಯಲ್ಲಿ, ಶಾಂಪೂ ಡಬ್ಬಗಳ ರಾಶಿಯ ನಡುವೆ, ತಂಗಿ ಅಂಗೈಯಲ್ಲಿ ಟಿ.ಬಿ. ಮಾತ್ರೆ ಹಿಡಿದು ನಿಂತಿದ್ದಳು. ದಿನಾ ಹೊತ್ತಿಗೆ ಸರಿಯಾಗಿ ಫೋನಿನ ಮುಂದೆಯೇ ಅದನ್ನು ನುಂಗಬೇಕು. ಅದರೊಳಗಿನ ಕಣ್ಣು ಮುಖದ ಗುರುತು ಹಿಡಿದು, ಮಾತ್ರೆ ನೋಡಿ, ಗುಟುಕರಿಸಿದ್ದು ನೋಡಿ, ಆಸ್ಪತ್ರೆಗೆ ವರದಿ ಕಳಿಸುತ್ತದೆ. ನಿನ್ನೆಯವರೆಗೆ ಈ ಕೋಣೆಯ ಮಂಕು ಬಲ್ಬೇ ಅದಕ್ಕೆ ಸಾಕಾಗಿತ್ತು. ಇವತ್ತು ಬಲ್ಬು ಸುಟ್ಟುಹೋಗಿತ್ತು.

ಬಾಗಿಲ ಸಂದಿಯಲ್ಲಿ ಅಕ್ಕ ತಲೆ ತೂರಿಸಿದಳು. ಪಾರ್ಲರಿನ ಒಡತಿ ಅವಳೇ. “ಇನ್ನೂ ಆಗಿಲ್ವಾ? ಬ್ಯಾಂಕಮ್ಮನ ತಲೆ ಅರ್ಧಕ್ಕೆ ಬಿಟ್ಟು ಬಂದಿದ್ದೀಯ. ಬಣ್ಣ ಒಣಗ್ತಿದೆ.”

“ಕತ್ತಲೇಲಿ ಇದು ಒಪ್ತಾನೇ ಇಲ್ಲ ಕಣೇ ಅಕ್ಕ. ಕನ್ನಡಿ ಮುಂದೆ ಬರ್ತೀನಿ.”

“ನಿಂಗೇನು ತಲೆ ಕೆಟ್ಟಿದ್ಯಾ? ಬೆಂಚು ತುಂಬ ಜನ ಕೂತಿದ್ದಾರೆ. ಗೊತ್ತಾದ್ರೆ ನಾಳೆಯಿಂದ ಇಬ್ರೂ ನೊಣ ಹೊಡೀತಾ ಕೂರೋದೇ. ಇವತ್ತೊಂದಿನ ಬಿಟ್ಬಿಡು.”

ಇವತ್ತೊಂದಿನ ಬಿಟ್ಬಿಡು! ತಂಗಿಗೆ ಮೈಯೆಲ್ಲ ಉರಿದುಹೋಯಿತು. ಕಾಯಿಲೆ ಗೊತ್ತಾದಾಗ ಮನೆಯಲ್ಲಿ ಮೂಲೆ ಹಿಡಿದು ಮಲಗಿದ್ದವಳು ಅವಳು. ಕಫ ಪರೀಕ್ಷೆ ಮಾಡಿ, ಇನ್ನು ಯಾರಿಗೂ ಅಂಟುವುದಿಲ್ಲ, ಧೈರ್ಯವಾಗಿ ಕೆಲಸಕ್ಕೆ ಹೋಗು ಎಂದು ಡಾಕ್ಟರೇ ಹೇಳಿದ್ದರು. ಮಾತ್ರೆ ಮಾತ್ರ ಬಿಡಬೇಡ, ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ ಎಂದೂ ಹೇಳಿದ್ದರು. ಅಕ್ಕನೂ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದಳು. ಆದರೆ ಅಂಗಡಿಗೆ ಬಂದವರಿಗೆಲ್ಲ, ತಂಗಿ ಊರಿಗೆ ಹೋಗಿದ್ದಾಳೆ ಅಂತ ಕಾಗೆ ಹಾರಿಸಿದ್ದಳು. ಬದುಕುವುದಕ್ಕೆ ನುಂಗುವ ಮಾತ್ರೆಯನ್ನು ಹೀಗೆ ಕಳ್ಳರ ಹಾಗೆ ನುಂಗಬೇಕೆ?

ಅಕ್ಕನನ್ನು ಪಕ್ಕಕ್ಕೆ ಸರಿಸಿ ಸೀದಾ ಹೊರಗೆ ಬಂದಳು. ಸುತ್ತ ದೀಪಗಳಿದ್ದ ದೊಡ್ಡ ಕನ್ನಡಿಯ ಮುಂದೆ, ಬ್ಯಾಂಕಮ್ಮನ ಪಕ್ಕದ ಕುರ್ಚಿಯಲ್ಲಿ, ದುಡ್ಡು ಕೊಟ್ಟ ಗಿರಾಕಿಯ ಠೀವಿಯಲ್ಲಿ ಕೂತು ಫೋನನ್ನು ಕನ್ನಡಿಗೆ ಒರಗಿಸಿದಳು. ಬ್ಯಾಂಕಮ್ಮ ಎಂದರೆ ಎದುರಿನ ಬ್ಯಾಂಕಿನ ಮ್ಯಾನೇಜರು. ಅವರ ತಲೆಯ ಎಡಭಾಗ ಬಣ್ಣ ಬಳಿದು ಕಾಡಿಗೆಯಾಗಿತ್ತು, ಬಲಭಾಗ ಇನ್ನೂ ಹತ್ತಿಯ ಹಾಗೆ ಬೆಳ್ಳಗಿತ್ತು.

“ಮಾತ್ರೆ ತೋರಿಸಿ,” ಎಂದು ಫೋನು ಊರಿಗೆಲ್ಲ ಕೇಳುವಂತೆ ಅಂದಿತು. ತೋರಿಸಿದಳು. “ನುಂಗಿ.” ನುಂಗಿದಳು. “ಬಾಯಿ ತೆರೆದು ನಾಲಿಗೆ ತೋರಿಸಿ.” ಕನ್ನಡಿಯಲ್ಲಿ ಪಿಳಿಪಿಳಿ ನೋಡುತ್ತಿದ್ದ ಅಷ್ಟೂ ಮುಖಗಳಿಗೆ ಸೇರಿಸಿ, ಅವಳು ನಾಲಿಗೆಯನ್ನು ಬುಡದ ತನಕ ಚಾಚಿದಳು. ಬಹಳ ದಿನಗಳಿಂದ ಅವಳಿಗೆ ಇಷ್ಟು ಹಿತವಾಗಿರಲಿಲ್ಲ.

“ಏನಮ್ಮಾ ಅದು ಮಾತ್ರೆ?” ಬ್ಯಾಂಕಮ್ಮ ಕೇಳಿದರು.

“ಟಿ.ಬಿ.ದು, ಮೇಡಂ.”

ಬೆಂಚಿನಲ್ಲಿದ್ದ ಒಬ್ಬಳು ಚೀಲ ಎತ್ತಿಕೊಂಡು ಹೊರಟೇಹೋದಳು. ಬ್ಯಾಂಕಮ್ಮ ಹೆಗಲ ಮೇಲಿನ ಟವೆಲನ್ನು ಮೂಗಿಗೆ ಒತ್ತಿಕೊಂಡು ಎದ್ದು ನಿಂತರು. “ಇದೇ ಕೈಯಲ್ಲಿ ನನ್ನ ತಲೆ ಮುಟ್ಟಿದ್ಯಾ?”

“ಅದು ಮುಟ್ಟಿದ್ರೆ ಅಂಟೋ ಕಾಯಿಲೆ ಅಲ್ಲ. ಕೆಮ್ಮಿಂದ ಅಂಟೋ ಕಾಲವೂ ಮುಗೀತು, ಬೇಕಾದ್ರೆ ಡಾಕ್ಟರನ್ನೇ ಕೇಳಿ. ಕಾಯಿಲೆ ಬಂದಿದ್ದು ನನ್ನ ತಪ್ಪಲ್ಲ. ಮಾತ್ರೆ ಬಿಟ್ರೆ ತಪ್ಪು. ನಾನು ಬಿಡಲ್ಲ.” ಅವಳ ಧ್ವನಿ ನಡುಗುತ್ತಿತ್ತು. ನಡುಗಿದರೆ ನಡುಗಲಿ ಎಂದು ಇನ್ನೂ ಗಟ್ಟಿಯಾಗಿ ಹೇಳಿದಳು.

ಅಕ್ಕ ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದೆಳೆದಳು. “ಸಾಕು ಏಳೇ. ಮಾನ ಕಳೀಬೇಡ.”

ಇನ್ನೂ ಚಾಲೂ ಇದ್ದ ಫೋನು ಕೆಂಪಗೆ ಮಿನುಗಿತು. “ನಿಮ್ಮ ಮುಖದ ಹತ್ತಿರ ಇನ್ನೊಂದು ಮುಖವಿದೆ. ಅವರು ಯಾರೆಂದು ತಿಳಿಸಿ.”

ತಂಗಿಯ ಭುಜದ ಮೇಲಿಂದ ಇಣುಕುತ್ತಿದ್ದುದು ಅಕ್ಕನ ಮುಖ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು, ಆ ಮುಖ ಮಾಯವಾಗುತ್ತಿತ್ತು. ಹೇಳುವುದಾದರೆ ಅವಳೇ ಹೇಳಲಿ, ಇಲ್ಲದಿದ್ದರೆ ತೊಲಗಲಿ ಎಂದು ತಂಗಿ ಕನ್ನಡಿಯಲ್ಲೇ ಅಕ್ಕನನ್ನು ದುರುಗುಟ್ಟಿ ನೋಡಿದಳು. ಅಕ್ಕ ಬ್ಯಾಂಕಮ್ಮನನ್ನು ನೋಡಿದಳು, ಬೆಂಚಿನಲ್ಲಿ ಖಾಲಿಯಾದ ಜಾಗವನ್ನು ನೋಡಿದಳು. ರಟ್ಟೆಯ ಮೇಲಿನ ಹಿಡಿತ ಸಡಿಲವಾಯಿತು. ಕೈ ಮಾತ್ರ ಅಲ್ಲೇ ಉಳಿಯಿತು.

ಆಮೇಲೆ ಅವಳು ಬಗ್ಗಿ, ತಂಗಿಯ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಂದು, ಫೋನನ್ನು ಗದರಿಸಿದಳು. “ನಾನು. ಇವಳ ಅಕ್ಕ. ಸರಿಯಾಗಿ ನೋಡ್ಕೋ.”

ಬಣ್ಣದ ಬಟ್ಟಲನ್ನೂ ಬ್ರಷ್ಷನ್ನೂ ಎತ್ತಿ ತಂಗಿಯ ಕೈಗಿಟ್ಟು ಬ್ಯಾಂಕಮ್ಮನ ಕಡೆ ತಿರುಗಿದಳು.

“ಕೂರ್ತೀರಾ ಮೇಡಂ, ಇಲ್ಲ ಅರ್ಧ ತಲೇಲೇ ಹೋಗ್ತೀರಾ? ಇಲ್ಲಿ ಬಣ್ಣ ಹಚ್ಚೋರು ನಾವಿಬ್ರೇ. ಇಬ್ರೂ ಒಂದೇ ತಟ್ಟೇಲಿ ಉಂಡೋರು.”