ನಾಲ್ಕು ಬೆರಳು

“ಮೂವತ್ತು,” ಎಂದು ಕೂಗಿದ ಗುಮಾಸ್ತ, ಗೋಡೆಯುದ್ದಕ್ಕೂ ಅಳತೆಗೊಂದು ಸೀಮೆಸುಣ್ಣದ ಗೆರೆ ಎಳೆಯುತ್ತ ಬಂದು ಕೊನೆ ಮುಟ್ಟಿ.

“ಮೂವತ್ತಮೂರು,” ಎಂದಳು ಮಲಕವ್ವ. ಮಳೆಗಾಲ ಮುಗಿದ ಮೇಲೆ ಗಡಹಿಂಗ್ಲಜದ ಪೇಟೆಯ ಗೋಡೆಗಳ ಪಾಚಿ ತಿಕ್ಕಿ ತೊಳೆಯುವುದು ಅವಳ ಕಸುಬು. ಅರಿವೆ ಅಂಗಡಿಯ ಬಾಪೂಸಾಹೇಬರ ಈ ಕಲ್ಲಿನ ಹೊರಗೋಡೆಯ ಒಂದೊಂದು ಸಂದೂ ಅವಳ ಕೈಗೆ ಗೊತ್ತು. ಗಜಕ್ಕೆ ಎಂಟಾಣೆ, ಮೂವತ್ತಮೂರು ಗಜಕ್ಕೆ ಹದಿನಾರೂವರೆ ರೂಪಾಯಿ. “ಮಳಿಗೆ ನೆನೆದು ಗ್ವಾಡಿ ಕುಗ್ಗೇತೇನ್ರಿ, ಸಾವಕಾರ್ರ? ನಿಮ್ಮ ಮಾದರಪಾಟ ಅರಿವಿ ಕುಗ್ಗಿದ್ದ ಕಂಡೇನಿ. ಕಲ್ಲ ಕುಗ್ಗಿದ್ದ ಇನ್ನೂ ಕಂಡಿಲ್ಲ.”

ಬಾಪೂಸಾಹೇಬರು ಹೊಸ್ತಿಲ ಮೇಲೆ ನಿಂತು ನಕ್ಕರು. “ಗಜದ ಕಾಲ ಹೋತು ಮಲಕವ್ವ. ಈಗ ಮೀಟರ್. ಸರ್ಕಾರದ ಕಾಯದೆ ಐತಿ. ಮೀಟರಿಗೆ ಎಂಟಾಣೆ, ಮೂವತ್ತಕ್ಕ ಹದಿನೈದು ರೂಪಾಯಿ.”

“ಮೀಟರ್ ಗಜಕ್ಕಿಂತ ಉದ್ದ ಐತಲ್ರಿ.”

“ಇದ್ದೀತು. ಎಂಟಾಣೆ ಏನ್ ಉದ್ದ ಆಗಂಗಿಲ್ಲ.”

ಎಂಟು ದಿನದ ಹಿಂದೆ ಇದೇ ಅಂಗಡಿಯಲ್ಲಿ ಮಲಕವ್ವ ಮಾದರಪಾಟ ಕೊಂಡಿದ್ದಳು. ಗಜಕ್ಕೆ ಒಂದು ರೂಪಾಯಿ ಇದ್ದದ್ದು ಮೀಟರಿಗೆ ಒಂದು ರೂಪಾಯಿ ಹತ್ತು ಪೈಸೆ ಆಗಿತ್ತು. ಯಾಕೆಂದು ಕೇಳಿದಾಗ ಬಾಪೂಸಾಹೇಬರು ಹಳೆಯ ಗಜದಕಡ್ಡಿ, ಹೊಸ ಮೀಟರುಕಡ್ಡಿ ಎರಡನ್ನೂ ಪಕ್ಕಪಕ್ಕ ಇಟ್ಟು, ಹೆಚ್ಚಿಗೆ ಚಾಚಿದ್ದ ತುದಿಯ ಮೇಲೆ ತಮ್ಮ ನಾಲ್ಕು ಬೆರಳು ಇಟ್ಟು ತೋರಿಸಿದ್ದರು. “ನೋಡವಾ, ಇಷ್ಟು ಅರಿವಿ ಹೆಚ್ಚಿಗಿ ಬರ್ತೈತಿ. ಅದಕ್ಕ ಹತ್ತು ಪೈಸೆ. ನಿನಗೂ ಮೋಸ ಇಲ್ಲ, ನನಗೂ ಮೋಸ ಇಲ್ಲ.” ಮಾತು ಸರಿ ಅನಿಸಿ ಅವಳು ಸುಮ್ಮನೆ ಕೊಟ್ಟು ಬಂದಿದ್ದಳು. ಈಗ ಆ ಮಾತನ್ನೇ ಎತ್ತಿ ಆಡಿದಳು.

“ಅರಿವಿ ಬ್ಯಾರೆ, ಪಾಚಿ ಬ್ಯಾರೆ,” ಎಂದರು ಬಾಪೂಸಾಹೇಬರು. “ಅರಿವಿ ನಾ ರೊಕ್ಕ ಹಾಕಿ ತರ್ತೇನಿ. ನಿನ್ನ ತೋಳಿಗೆ ಯಾವ ಬಂಡವಾಳ ಹಾಕೀದಿ?”

ಜೊತೆಗೆ ದುಡಿಯುವ ಗುರುಸಿದ್ದವ್ವ ಬಕೀಟು ಕೆಳಗಿಟ್ಟಳು. “ಅಕ್ಕಾ, ನಡಿ ಹೋಗೂಣು.” ಕಡಿಮೆಯಾದ ಒಂದೂವರೆ ರೂಪಾಯಿ ಅವಳ ಒಂದು ದಿನದ ಕೂಲಿ. ಈ ಗೋಡೆ ಐದು ದಿನದ ಕೆಲಸ; ಬಿಟ್ಟು ಹೋದರೆ ಅವಳ ಐದೂ ದಿನದ ಕೂಲಿ ಹೋಗುತ್ತದೆ. ಒಪ್ಪಿದರೆ ನಾಳೆ ಪೇಟೆಯ ಗೋಡೆಗಳೆಲ್ಲ ಹೀಗೆಯೇ ಕುಗ್ಗುತ್ತವೆ. ಮಲಕವ್ವ ತನ್ನ ಬಿದಿರಿನ ಗಜದಕೋಲನ್ನು ಎತ್ತಿಕೊಂಡಳು. “ಇಲ್ಲೇ ಇರು,” ಎಂದಳು ಗುರುಸಿದ್ದವ್ವನಿಗೆ. “ಆತ್ರಿ ಸಾವಕಾರ್ರ. ಹದಿನೈದಕ್ಕ ಎಷ್ಟ ಆಗ್ತೈತಿ ಅಷ್ಟ ಮಾಡ್ತೇವಿ.”

ಐದು ದಿನ ಇಬ್ಬರೂ ತೆಂಗಿನ ನಾರು, ಇಟ್ಟಂಗಿ ಚೂರು ಹಿಡಿದು ತಿಕ್ಕಿದರು. ಅಲ್ಲಲ್ಲಿ ಕಪ್ಪು ಉಳಿದದ್ದು ಕಂಡರೂ ಬಾಪೂಸಾಹೇಬರು ಇನ್ನೂ ಕೆಲಸ ಮುಗಿದಿಲ್ಲ ಎಂದುಕೊಂಡರು. ಆರನೆಯ ದಿನ ಮುಂಜಾನೆ ಮಲಕವ್ವ ಕೈ ತೊಳೆದುಕೊಂಡು ರೊಕ್ಕ ಕೇಳಿದಾಗಲೇ ಅವರು ಬೀದಿಗಿಳಿದು ನೋಡಿದ್ದು. ಗುಮಾಸ್ತನ ಒಂದೊಂದು ಗೆರೆಯ ಬಲಕ್ಕೆ ಒಂದು ಗಜ ಕಲ್ಲು ಫಳಫಳ ಹೊಳೆಯುತ್ತಿತ್ತು. ಅದರಾಚೆ ಮೇಲಿನಿಂದ ಕೆಳಗಿನವರೆಗೆ ನಾಲ್ಕು ಬೆರಳಗಲದ ಪಾಚಿಯ ಪಟ್ಟಿ. ಮತ್ತೆ ಒಂದು ಗಜ ಕಲ್ಲು, ಮತ್ತೆ ಪಟ್ಟಿ. ಮೂವತ್ತು ಕಪ್ಪು ಪಟ್ಟಿಗಳು.

“ಇದೇನ ಮಾಡಿಟ್ಟೀ? ಹಬ್ಬ ಮುಂದೈತಿ, ಮಂದಿ ನಗಾಕತ್ತೈತಿ.”

“ಗಜದ ರೊಕ್ಕಕ್ಕ ಗಜ ತಿಕ್ಕೇನ್ರಿ. ನಾಲ್ಕು ಬೆರಳಿಗೆ ನೀವು ರೊಕ್ಕ ಇಟ್ಟಿಲ್ಲ. ಅವು ನಿಮ್ಮವು, ನೀವ ಇಟ್ಕೋರಿ.”

“ನಾಟಕ ಸಾಕು. ತಿಕ್ಕ.”

“ಪಟ್ಟಿಗೆ ಐದು ಪೈಸೆ. ಮೂವತ್ತಕ್ಕ ಒಂದೂವರಿ ರೂಪಾಯಿ. ಒಂದು ಪೈಸೆ ಹೆಚ್ಚಿಗಿ ಬ್ಯಾಡ ನನಗ.”

“ಒಂದು ಪೈಸೆನೂ ಕೊಡಂಗಿಲ್ಲ,” ಎಂದು ಬಾಪೂಸಾಹೇಬರು ಹದಿನೈದು ರೂಪಾಯಿಯನ್ನು ಕಟ್ಟೆಯ ಮೇಲೆ ಎಸೆದರು. “ಇರಲಿ ಬಿಡು. ಗ್ವಾಡಿ ಯಾರ ನೋಡ್ತಾರ?”

ಅಷ್ಟರಲ್ಲಿ ಹಲಕರ್ಣಿಯಿಂದ ಸಂತೆಗೆ ಬಂದಿದ್ದ ಗೌರವ್ವ ಅದೇ ಅಂಗಡಿಯಿಂದ ಅರಿವೆ ಕೊಂಡು ಹೊರಗೆ ಬಂದಳು. ಗೋಡೆ ನೋಡಿ ನಿಂತಳು. “ಇವೇನವಾ ಪಟ್ಟಿ?”

“ಪಟ್ಟಿಯಿಂದ ಪಟ್ಟಿಗೆ ಒಂದು ಮೀಟರಬೇ,” ಎಂದಳು ಗುರುಸಿದ್ದವ್ವ. “ಸಾವಕಾರ್ರ ಗುಮಾಸ್ತನ ಅಳದಾನ.”

“ಹೌದಾ? ನಾ ಐದು ಮೀಟರ್ ತಗೊಂಡೇನಿ. ಹಿಡಿ ಈ ತುದಿ.”

ಗುರುಸಿದ್ದವ್ವ ತುದಿಯನ್ನು ಮೊದಲ ಪಟ್ಟಿಗೆ ಒತ್ತಿ ಹಿಡಿದಳು. ಗೌರವ್ವ ಮಡಿಕೆ ಬಿಚ್ಚುತ್ತ ಗೋಡೆಗುಂಟ ನಡೆದಳು. ಅಂಗಡಿಯೊಳಗಿನ ಗಿರಾಕಿಗಳು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರ ಕಂಕುಳಲ್ಲೂ ಅರಿವೆಯ ಗಂಟುಗಳಿದ್ದವು.

ಬಾಪೂಸಾಹೇಬರ ಕೈ ಕೋಟಿನ ಕಿಸೆಗೆ ಹೋಯಿತು. “ತಗೋ, ಒಂದೂವರಿ ರೂಪಾಯಿ,” ಎಂದರು ಸಣ್ಣ ದನಿಯಲ್ಲಿ. “ಮೊದಲ ಅವನ್ನ ಅಳಸು.”

ಮಲಕವ್ವ ಕೈ ಚಾಚಲಿಲ್ಲ. ಗೌರವ್ವ ಐದನೆಯ ಪಟ್ಟಿ ದಾಟಿದ್ದಳು; ಐದು ಮೀಟರ್ ಪೂರ್ತಿ ಇದ್ದರೆ ಅರಿವೆ ಆರನೆಯ ಪಟ್ಟಿಗೆ ಮುಟ್ಟಬೇಕು. ಅರಿವೆಯ ಇನ್ನೊಂದು ತುದಿ ಎಲ್ಲಿಗೆ ಮುಟ್ಟುತ್ತದೆ ಎಂದು ಮಲಕವ್ವನೂ ನೋಡುತ್ತಿದ್ದಳು.