ಮುದ್ದೆಯೊಳಗಿನ ಮಾತ್ರೆ

ಮದುವೆಯಾಗಿ ಹದಿನಾರು ವರ್ಷದಲ್ಲಿ ಮೊದಲ ಸಲ ಚಿತ್ತಯ್ಯ ಮುದ್ದೆ ತಿರುವಿದ. ತಿರುವಿದ್ದೇನು, ಒದ್ದಾಡಿದ. ಹೆಂಡತಿ ಓಬವ್ವ ಕೈ ತೊಳೆಯಲು ಹೋದ ಗಳಿಗೆಯಲ್ಲಿ ಅವಳ ಮುದ್ದೆಯ ಹೊಟ್ಟೆಗೆ ಒಂದು ಮಾತ್ರೆ ತುರುಕಿ, ಮೇಲೆ ನೀರು ಸವರಿ ನುಣ್ಣಗೆ ಮಾಡಿದ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಗುಳುಕ್ಕನೆ ನುಂಗುತ್ತಾರೆ. ತನಗೆ ತಾನೇ ಶಹಬ್ಬಾಸ್ ಅಂದುಕೊಂಡ.

ಹಿಂದಿನ ದಿನ ಆಸ್ಪತ್ರೆಯಲ್ಲಿ ಈ ಬುದ್ಧಿವಂತಿಕೆ ನಡೆದಿರಲಿಲ್ಲ. ಉಚ್ಚೆ ಹೊಯ್ದರೆ ಉರಿ, ಜೊತೆಗೆ ಕೀವು. "ಬಿಸಿಲಿನ ಉಷ್ಣ ಮೇಡಂ" ಎಂದು ಸಾಧಿಸಿದ್ದ. ಸಲಹೆ ಕೊಡುವ ಉಷಾರಾಣಿ ಮೂತ್ರ, ರಕ್ತ ಎರಡನ್ನೂ ಪರೀಕ್ಷೆ ಮಾಡಿಸಿ, ಇದು ಉಷ್ಣವಲ್ಲ, ಕೂಡಿದವರಿಂದ ಅಂಟಿದ ಸೋಂಕು ಎಂದು ನೆಟ್ಟಗೆ ಹೇಳಿದರು.

"ಮಾತ್ರೆ ಪೂರ್ತಿ ನುಂಗ್ರಿ, ವಾಸಿಯಾಗ್ತೈತೆ. ನಿಮ್ಮ ಹೆಂಡ್ತೀನೂ ಕರ್ಕಂಡ್ ಬರ್ರಿ. ಹೆಂಗಸ್ರಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ, ಒಳಗೊಳಗೇ ಗರ್ಭಕೋಶಕ್ಕೆ ಹತ್ತುತೈತೆ. ಇಬ್ರಿಗೂ ವಾಸಿಯಾಗೋವರೆಗೂ ಹತ್ರ ಮಲಗಂಗಿಲ್ಲ."

ಕರೆದುಕೊಂಡು ಹೋಗುವುದೇ! ಹೊಸದುರ್ಗದ ಕಡೆ ಕುರಿ ಮೇಯಿಸಲು ಹೋದವನು ಇನ್ನೇನು ಮೇಯ್ದು ಬಂದೆ ಎಂದು ಅವಳು ಕೇಳಿದರೆ? ಅದಕ್ಕೇ ಈ ಉಪಾಯ. ತನ್ನ ಮಾತ್ರೆಗಳಲ್ಲೇ ಅರ್ಧ ತನಗೆ, ಅರ್ಧ ಅವಳಿಗೆ. ಒಂದೇ ಬಾಟಲಿ ಔಷಧವನ್ನು ಮಂದೆಗೆಲ್ಲ ಹಂಚಿ ಕುಡಿಸಿ ರೂಢಿಯಾದವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಓಬವ್ವ ಬಂದು ಕುಳಿತು ಮುದ್ದೆ ಮುರಿದಳು. ಎರಡನೇ ತುತ್ತಿಗೇ ಬಿಳಿ ಮಾತ್ರೆ ಇಣುಕಿತು.

"ಏನಯ್ಯ ಇದು?"

"ಜಂತುಹುಳದ್ದು ಕಣೇ. ಗೌರ್ಮೆಂಟೋರು ಎಲ್ರಿಗೂ ಕೊಡ್ತಾ ಅವ್ರೆ."

"ಊರಿಗೆಲ್ಲ ಕೊಡೋದನ್ನ ಮುದ್ದೇಲಿ ಯಾಕೆ ಬಚ್ಚಿಟ್ಟೆ? ನಾನೇನು ನಿನ್ನ ಕುರೀನಾ?"

ದುರುಗುಟ್ಟಿದ ಆ ಕಣ್ಣಿನ ಮುಂದೆ ಚಿತ್ತಯ್ಯನ ಸುಳ್ಳು ನಿಲ್ಲಲಿಲ್ಲ. ಹೊಸದುರ್ಗದಿಂದ ಆಸ್ಪತ್ರೆಯವರೆಗೆ ಎಲ್ಲವನ್ನೂ ಕಕ್ಕಿದ.

"ಮೂರು ತಿಂಗ್ಳಿಂದ ಕಿಬ್ಬೊಟ್ಟೆ ನೋವು ಅಂತ ಬಡ್ಕಂತಾ ಇದೀನಿ. ಮಜ್ಜಿಗೆ ಕುಡಿ ಅಂದ್ಯಲ್ಲೋ ಪಾಪಿ!" ಓಬವ್ವ ಬೈದಳು, ಬೈಯುತ್ತಲೇ ಅತ್ತಳು. ಅವನ ವಂಶದಲ್ಲಿ ಯಾರನ್ನೂ ಬಿಡಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, ನಾಳೆ ಮೊದಲ ಬಸ್ಸಿಗೇ ಹೋಗಾಣ ನಡಿ ಎಂದಳು.

ಮರುದಿನ ಉಷಾರಾಣಿಯ ಮುಂದೆ ಇಬ್ಬರೂ ಕುಳಿತಿದ್ದರು. ಪರೀಕ್ಷೆಯಲ್ಲಿ ಓಬವ್ವನಿಗೂ ಸೋಂಕು ಇದ್ದದ್ದು ಗೊತ್ತಾಗಿ, ಅವಳಿಗೇ ಬೇರೆ ಮಾತ್ರೆ ಕೊಟ್ಟಿದ್ದರು. ಹಂಚಿಕೊಂಡರೆ ಇಬ್ಬರಿಗೂ ವಾಸಿಯಾಗುವುದಿಲ್ಲ ಎಂದು ಚಿತ್ತಯ್ಯನಿಗೆ ಸರಿಯಾಗಿ ಮಂಗಳಾರತಿಯೂ ಆಯಿತು.

"ಹೊಸದುರ್ಗದ ಆಯಮ್ಮಂಗೂ ತಿಳಿಸ್ಬೇಕು. ನಂಬರ್ ಐತಾ?" ಉಷಾರಾಣಿ ಕೇಳಿದರು.

"ಅಯ್ಯೋ, ಯಾರೋ ಏನೋ! ಹೆಸ್ರೂ ಗೊತ್ತಿಲ್ಲ ಮೇಡಂ" ಎಂದ ಚಿತ್ತಯ್ಯ, ಹೆಂಡತಿಯ ಮುಖ ನೋಡಿ.

ಓಬವ್ವ ಅವನ ಜೇಬಿನಿಂದ ಫೋನು ಕಿತ್ತು ಅವನ ಕೈಗೇ ಇಟ್ಟಳು.

"ನನ್ನ ಮುಂದೇನೇ ಮಾಡು. ಪಾಪ, ಆಯಮ್ಮಂಗೂ ಹೊಟ್ಟೆ ನೋಯ್ತಾ ಇರ್ತೈತೆ."