ಮನೆಯೊಳಗಿನ ಮಣ್ಣು

"ಮುಚ್ಚಳ ತೆಗೀರಿ," ಎಂದ ಲ್ಯಾಂಪ್ಟಿ.

ಶವಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಅಂಗಳದಲ್ಲೇ ನಿಂತುಬಿಟ್ಟರು. ಹೆಂಗಸರ ಅಳು ತಟ್ಟನೆ ನಿಂತಿತು. ದೆದೆಯಿ ಮುಂದೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಒಳಗಿರಬೇಕಾದವನು ಅವಳ ಒಬ್ಬನೇ ಮಗ ಅಯಿಟೆ. ಮೀನು ಹಿಡಿಯುವವನು, ಜ್ವರದಿಂದ ತೀರಿಕೊಂಡವನು. ಜನನ ಮರಣ ನೋಂದಣಿಯ ಗುಮಾಸ್ತ ಲ್ಯಾಂಪ್ಟಿಯೇ ನಿನ್ನೆ ಪುಸ್ತಕದಲ್ಲಿ ಹಾಗೆಂದು ಬರೆದುಕೊಂಡಿದ್ದ.

"ಮೊಳೆ ಹೊಡೆದಾಗಿದೆ ಕಣಪ್ಪ. ಸತ್ತವನ ನಿದ್ದೆ ಕೆಡಿಸ್ತೀಯಾ?" ಎಂದಳು.

ಲ್ಯಾಂಪ್ಟಿಯ ಜೊತೆ ಬಂದಿದ್ದ ಸಾರ್ಜೆಂಟ್ ಗರ್ಬಾ ತನ್ನವರಿಗೆ ಕಣ್ಸನ್ನೆ ಮಾಡಿದ. ಪೊಲೀಸನೊಬ್ಬ ಮೊಳೆ ಕಿತ್ತ. ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಸುತ್ತಿದ ಬಾಳೆದಿಂಡು ಮಲಗಿತ್ತು.

ಅಕ್ರಾ ಪಟ್ಟಣಕ್ಕೆ ಬ್ರಿಟಿಷರ ಹೊಸ ಕಾನೂನು ಬಂದು ಮೂರು ವರ್ಷವಾಗಿತ್ತು. ಸತ್ತವರ ಹೆಸರು ಬರೆಸಬೇಕು, ಊರಾಚೆಯ ಸರ್ಕಾರಿ ಸ್ಮಶಾನದಲ್ಲೇ ಹೂಳಬೇಕು. ಅಸೆರೆ ಕೇರಿಯವರಿಗೆ ಅದು ಬರೀ ಪೊದೆ, ದಿಕ್ಕಿಲ್ಲದವರನ್ನು ಎಸೆಯುವ ಜಾಗ. ತಮ್ಮವರನ್ನು ಅವರು ಮಲಗುವ ಕೋಣೆಯ ನೆಲದಡಿ ಹೂಳುತ್ತಿದ್ದರು. ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಅದಕ್ಕೇ ಪೊಲೀಸರು ಓಣಿ ಓಣಿಯಲ್ಲಿ ಕಿವಿಗೊಟ್ಟು ತಿರುಗುತ್ತಿದ್ದರು. ಗುದ್ದಲಿಯ ಸದ್ದು ಕೇಳಿದರೆ ಬಾಗಿಲು ಒಡೆಯುತ್ತಿದ್ದರು.

ದೆದೆಯಿಯ ಕೋಣೆಯಲ್ಲಿ ಸೊಂಟದಾಳದ ಗುಂಡಿ. ಅಳುವಿನ ಮರೆಯಲ್ಲಿ ಅಗೆದದ್ದು. ಪಕ್ಕದಲ್ಲಿ ಅಯಿಟೆಯ ಹೆಣ.

"ನಿನ್ನೆ ಸಂಜೆ ಹಾಸಿಗೆ ಹಿಡಿದ ನಿಮ್ಮವ್ವನ ಪಕ್ಕ ಕೂತು ಅತ್ತುಕೊಂಡೆ," ಎಂದಳು ದೆದೆಯಿ. "ಈ ಗುಟ್ಟು ಅವಳೊಬ್ಬಳಿಗೇ ಹೇಳಿದ್ದು. ಅವಳು ನಿನಗೆ ಹೇಳಿದಳಾ?"

"ಇಲ್ಲ ಅಕ್ಕ. ನಮ್ಮನೆ ಗೋಡೆ ತೆಳು."

ಅವಳು ಅವನ ಕಾಲು ಹಿಡಿದಳು. "ನೀನು ಈ ಓಣಿಯಲ್ಲೇ ಹುಟ್ಟಿದವನು. ನನ್ನನ್ನ ಬೇಕಾದ್ರೆ ಜೈಲಿಗೆ ಹಾಕು. ಅವನನ್ನ ಆ ಪೊದೇಲಿ ಒಂಟಿಯಾಗಿ ಬಿಡಬೇಡ. ಇಲ್ಲೇ ಇರಲಿ, ನನ್ನ ಕೆಳಗೆ."

ಲ್ಯಾಂಪ್ಟಿ ಕಾಲು ಬಿಡಿಸಿಕೊಂಡ. ಅವನ ಕಣ್ಣುಗಳು ಕೆಂಪಗಿದ್ದವು. "ಹೆಣ ಎತ್ತಿ."

"ಇಬ್ಬರು ಸಾಕು," ಎಂದ ಗರ್ಬಾ. "ಉಳಿದವರು ಗಸ್ತಿಗೆ ಹೋಗಲಿ."

"ಎಲ್ಲರೂ ಬರಲಿ. ದಾರಿಯಲ್ಲಿ ಇವರು ಹೆಣ ಕಿತ್ತುಕೊಂಡು ಹೋದರೆ ದೊರೆಗೆ ನೀವು ಉತ್ತರ ಹೇಳ್ತೀರಾ?"

ಗರ್ಬಾ ಗೊಣಗುತ್ತ ಕೇರಿಯ ಗಸ್ತಿನ ಆರೂ ಪೊಲೀಸರನ್ನು ಕರೆದ.

ಸ್ಮಶಾನದಲ್ಲಿ ಲ್ಯಾಂಪ್ಟಿ ಕೋಲಿನಿಂದ ಗುಂಡಿ ಅಳೆದ. ಸಾಲದು ಎಂದ. ಮತ್ತೆ ಅಗೆಸಿದ. ಮತ್ತೆ ಅಳೆದ. ಪೊಲೀಸರು ಬೆವರು ಒರೆಸಿಕೊಳ್ಳುತ್ತ ಅವನನ್ನು ಮನಸ್ಸಿನಲ್ಲೇ ಬೈದರು. ಗರ್ಬಾ ಎಲೆಯಲ್ಲಿ ಸುತ್ತಿದ್ದ ಮುಸುಕಿನ ಜೋಳದ ಕೆಂಕೆ ಉಂಡೆ ಬಿಚ್ಚಿ, ಕರಿದ ಮೀನಿನ ಜೊತೆ ಮುಂದೆ ಹಿಡಿದ.

"ತಿನ್ನಿ ಗುಮಾಸ್ತರೇ. ಮುಖ ಬಾಡಿಹೋಗಿದೆ."

"ಬೇಡ. ಬೆಳಿಗ್ಗೆಯಿಂದ ಮನೇಲಿ ಒಲೆ ಹಚ್ಚಿಲ್ಲ. ಹೊಟ್ಟೆ ಮರಗಟ್ಟಿದೆ."

"ಹೆಂಡ್ತಿ ಮುನಿಸಾ? ನನ್ನವಳೂ ಹಂಗೇ. ಬಾಯಲ್ಲಿ ಬೈಯೋದಿಲ್ಲ, ಹೊಟ್ಟೆಗೇ ಹೊಡೀತಾಳೆ!" ಗರ್ಬಾ ನಕ್ಕ.

ಲ್ಯಾಂಪ್ಟಿ ಸೂರ್ಯನನ್ನು ನೋಡಿದ. "ಇನ್ನೂ ಒಂದಡಿ," ಎಂದ.

ಮಣ್ಣು ಬೀಳತೊಡಗಿದಾಗ ದೆದೆಯಿ ಅಳಲಿಲ್ಲ. ಲ್ಯಾಂಪ್ಟಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಿಮ್ಮವ್ವ ಸತ್ತರೂ ಇಲ್ಲೇ ತಂದು ಎಸೀತೀಯಾ?"

"ನನ್ನವ್ವನ ಹೆಸರು ಈ ಪುಸ್ತಕದಲ್ಲಿಲ್ಲ ಅಕ್ಕ. ನಿಮ್ಮ ಮಗನದಿದೆ."

ಅವಳು ಅವನ ಬೂಟಿನ ಮೇಲೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ. ಕೊನೆಯ ಹಿಡಿ ಮಣ್ಣು ಬೀಳುವವರೆಗೂ ಆರೂ ಪೊಲೀಸರನ್ನು ಕದಲಗೊಡಲಿಲ್ಲ.

ಮನೆ ಸೇರುವಾಗ ಬಿಸಿಲು ಓಣಿಯಿಂದ ಇಳಿಯುತ್ತಿತ್ತು. ಹೆಂಡತಿ ಒಡೊಲೆ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಅವಳ ಇಬ್ಬರು ಅಣ್ಣಂದಿರು, ಮೈಯೆಲ್ಲ ಬೆವರು. ಲ್ಯಾಂಪ್ಟಿ ಗೋಡೆಗೆ ಬೆನ್ನು ಕೊಟ್ಟು ಕುಸಿದ.

"ಅವ್ವನನ್ನ ಅವಳ ಕೋಣೆಯ ನೆಲದಡಿಯೇ ಮಲಗಿಸಿದ್ವಿ," ಎಂದಳು ಒಡೊಲೆ, ಮೊಣಕೈವರೆಗಿನ ಕೆಂಪು ಮಣ್ಣನ್ನು ಉಟ್ಟ ಬಟ್ಟೆಗೆ ಒರೆಸುತ್ತ. "ಮಧ್ಯಾಹ್ನವಿಡೀ ಅಗೆದರೂ ಕೇಳಿಸಿಕೊಳ್ಳೋಕೆ ಕೇರಿಯಲ್ಲಿ ಒಬ್ಬ ಪೊಲೀಸನೂ ಇರಲಿಲ್ಲ."